ಬಿಚ್ಚಿದ ಛತ್ರಿಯ ಆಚೆ

ಛತ್ರಿ ಬಿಚ್ಚಿ ದಾರಿಯ ಪಕ್ಕ ಇಟ್ಟಿದ್ದರೆ ಅದರಾಚೆ ಯಾರೂ ಹೋಗಬಾರದು, ಆ ಕಡೆ ತಿರುಗಿ ನೋಡಬಾರದು, ಒಳಗಿದ್ದವರನ್ನು ಕೂಗಿ ಅವಸರ ಮಾಡಬಾರದು. ಇದು ಡ್ರಿಲ್ ಟೀಚರ್ ಮಾಡಿದ ಕಾನೂನು. ಬೆಟ್ಟದ ಮೇಲೆ ಒಳಗೆ ಹೊರಗೆ ಅಂತ ಏನಿರುತ್ತದೆ ಹೇಳಿ. ಆದರೂ ಛತ್ರಿ ಬಿಚ್ಚಿದೊಡನೆ ಅದರಾಚೆಯ ಬಂಡೆ, ಹುಲ್ಲು, ಪೊದೆ ಎಲ್ಲ ಸೇರಿ ಬಾಗಿಲು ಹಾಕಿದ ಒಂದು ಕೋಣೆಯಾಗಿಬಿಡುತ್ತಿತ್ತು. ನಮ್ಮ ಗುಂಪಿನ ಹೆಂಗಸರು ಈ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದರು. ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದರಿಂದಲೇ ಆ ಮಧ್ಯಾಹ್ನ ನನ್ನ ಅತ್ತೆ ಛತ್ರಿಯಾಚೆ ಏನಾದರು ಎಂದು ಎಷ್ಟೋ ಹೊತ್ತು ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಗುಂಪು ಎಂದು ಬಾಯಿ ತಪ್ಪಿ ಬಂತು. ಅದು ಅತ್ತೆಯ ಗುಂಪು. ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗಿನ ಹೊತ್ತು ಸುತ್ತು ಹಾಕುವ, ಕಾಲಿಗಿಂತ ಬಾಯಿಗೇ ಹೆಚ್ಚು ಕೆಲಸ ಕೊಡುವ ನಿವೃತ್ತ ಹೆಂಗಸರು. ಅವರಿಗೆ ಇದ್ದಕ್ಕಿದ್ದಂತೆ ಬೆಟ್ಟ ಹತ್ತಿ ಡೇರೆಯಲ್ಲಿ ಮಲಗುವ ಹುಮ್ಮಸ್ಸು ಬಂತು. ಅರವತ್ತು ದಾಟಿದವರು ಮನೆಯಿಂದ ಒಬ್ಬರನ್ನು ಜೊತೆಗೆ ಕರೆತರಬೇಕೆಂದು ಡ್ರಿಲ್ ಟೀಚರ್ ಹೇಳಿದರು. ಈಕೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಜೀವಮಾನವಿಡೀ ಸೀಟಿ ಊದಿ ನಿವೃತ್ತರಾದವರು. ಈಗ ಸೀಟಿಯಿಲ್ಲದೆಯೂ ಅಷ್ಟೇ ಜೋರಾಗಿ ಕೇಳಿಸುತ್ತಾರೆ. ನನ್ನ ಗಂಡ ಆಫೀಸಿನ ನೆಪ ಹೇಳಿ ನುಣುಚಿಕೊಂಡು, "ಅಮ್ಮನ್ನ ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ವಾಪಸ್ ಕರ್ಕೊಂಡು ಬಾ" ಎಂದು ನನ್ನ ಕೊರಳಿಗೆ ಕಟ್ಟಿದ. ತಮಾಷೆಗೆ ಹೇಳಿದ ಮಾತು. ಆಮೇಲೆ ಮಂಜಿನಲ್ಲಿ ಒಬ್ಬಳೇ ನಿಂತು ನೆನೆಸಿಕೊಂಡಾಗ ಅದು ತಮಾಷೆಯಾಗಿ ಉಳಿದಿರಲಿಲ್ಲ.

ನಾನು ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಬೆಳಗಾದರೆ ಬಿಳಿ ಮುಚ್ಚಳದ ಡಬ್ಬಿ ಕೊಡುವುದು, ತುಂಬಿದ ಡಬ್ಬಿ ತೆಗೆದುಕೊಳ್ಳುವುದು, ಅದರ ಮೇಲೆ ಚೀಟಿ ಅಂಟಿಸುವುದು. ದೊಡ್ಡ ದೊಡ್ಡ ಮನುಷ್ಯರು ಆ ಡಬ್ಬಿಯನ್ನು ಕದ್ದ ಮಾಲಿನ ಹಾಗೆ ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಾರೆ. ಹೆಂಗಸರಂತೂ ಗಂಡಸರ ಸಾಲು ಕರಗುವ ತನಕ ಅದನ್ನು ಚೀಲದೊಳಗೇ ಇಟ್ಟುಕೊಂಡು ಮೂಲೆಯಲ್ಲಿ ನಿಂತಿರುತ್ತಾರೆ. "ಕೊಡೀಮ್ಮಾ ಇಲ್ಲಿ, ಅದೇನು ಬಾಂಬಾ?" ಎಂದು ನಾನೇ ಕೈಚಾಚಿ ತೆಗೆದುಕೊಳ್ಳುತ್ತೇನೆ. ನನಗೆ ಅದು ಬಣ್ಣ, ವಾಸನೆ, ಮಟ್ಟ, ಅಷ್ಟೇ. ಆ ಸಂಕೋಚ ನನಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ಸವೆದುಹೋಗಿದೆ.

ಅತ್ತೆ ಇದಕ್ಕೆ ತದ್ವಿರುದ್ಧ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಉದ್ದನೆಯ ಕೋಣೆ, ಗೋಡೆಗೆ ಮುಖ ಮಾಡಿ ಸಾಲಾಗಿ ಕೂತ ಹೆಂಗಸರು, ಕಿವಿಗೆ ಹೆಡ್‌ಫೋನು, ಎದುರಿಗೆ ತೂತು ತೂತಿನ ಬೋರ್ಡು, ಬೆನ್ನ ಹಿಂದೆ ಎತ್ತರದ ಮೇಜು ಹಾಕಿಕೊಂಡು ಕೂತ ಸೂಪರ್‌ವೈಸರ್. ಒಂದಕ್ಕೆ ಹೋಗಬೇಕಾದರೆ ಕೈ ಎತ್ತಬೇಕು, ಅವನು ಹೂಂ ಅಂದ ಮೇಲೆ ಏಳಬೇಕು. ಅತ್ತೆ ತಮ್ಮ ನೌಕರಿಯ ಕಥೆ ಎಲ್ಲಿಂದ ಶುರು ಮಾಡಿದರೂ ಬಂದು ನಿಲ್ಲುತ್ತಿದ್ದುದು ಒಂದೇ ಮಾತಿಗೆ: "ನಾನು ಒಂದು ದಿನಾನೂ ಕೈ ಎತ್ತಿದವಳಲ್ಲ." ಗೆದ್ದ ಪದಕ ತೋರಿಸುವ ಹಾಗೆ ಹೇಳುತ್ತಿದ್ದರು. ಮಹಾ ಸಾಧನೆ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿಕೊಳ್ಳುತ್ತಿದ್ದೆ. ಮನೆಯಲ್ಲೂ ಅಷ್ಟೆ. ಬಚ್ಚಲಿಗೆ ಹೋದವರು ಮೊದಲು ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಳ್ಳುತ್ತಿದ್ದರು. ಹೊರಗಿನಿಂದ ಯಾರು ಎಷ್ಟು ಕರೆದರೂ ಒಳಗಿನಿಂದ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಡೇರೆ ಹಾಕಿದ ಮೊದಲ ಸಂಜೆಯೇ ಡ್ರಿಲ್ ಟೀಚರ್ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಪಾಠ ಮಾಡಿದರು. ದಾರಿ ತೋರಿಸಲು ಜೊತೆಗೆ ಬಂದಿದ್ದ ಗೈಡ್‌ನನ್ನು ಸೌದೆ ತರುವ ನೆಪದಲ್ಲಿ ದೂರ ಕಳಿಸಿಯಾಗಿತ್ತು. ಅವನು ಮೂವತ್ತರ ಆಸುಪಾಸಿನವನು, ಮಾತು ಕಮ್ಮಿ.

"ತೊರೆಯಿಂದ ದೂರ ಹೋಗಿ. ಕೂರೋ ಮುಂಚೆ ಕೋಲಿನಿಂದ ಹುಲ್ಲು ಬಡೀರಿ, ಹುಳ ಹುಪ್ಪಟೆ ಇರ್ತವೆ. ಇಳಿಜಾರಿನ ಕಡೆ ಮುಖ ಮಾಡಿ ಕೂರಿ, ಇಲ್ಲಾಂದ್ರೆ ನಿಮ್ಮ ಬೂಟಿಗೇ ಅಭಿಷೇಕ. ಪೇಪರ್ ಅಲ್ಲೇ ಬಿಸಾಡಬೇಡಿ, ಕವರಿಗೆ ಹಾಕಿಕೊಂಡು ವಾಪಸ್ ತನ್ನಿ. ಇನ್ನು ಮಂಡಿ ನೋವಿರೋರು ಇದನ್ನ ನೋಡಿ" ಎಂದು ಚೀಲದಿಂದ ಒಂದು ಮೆತ್ತನೆಯ ರಬ್ಬರ್ ಆಲಿಕೆ ತೆಗೆದರು. ಬಾಟಲಿಗೆ ಎಣ್ಣೆ ಸುರಿಯಲು ಇಟ್ಟುಕೊಳ್ಳುತ್ತೇವಲ್ಲ, ಅಂಥದೇ. "ಇದನ್ನ ಹೀಗೆ ಇಟ್ಟುಕೊಂಡ್ರೆ ನಿಂತುಕೊಂಡೇ ಮುಗಿಸಬಹುದು. ಗಂಡಸರ ಹಾಗೆ."

ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅತ್ತೆ ಮಾತ್ರ ಮುಖ ತಿರುಗಿಸಿ ಡೇರೆಯ ಗೂಟ ನೋಡುತ್ತಾ ಕೂತರು. ಅವರದು ಮಂಡಿ ಸವೆದ ಕಾಲು. ಅದಕ್ಕೇ ನಾನು ಮೆಲ್ಲಗೆ, "ಒಂದು ನೀವೂ ಇಟ್ಕೊಳ್ಳಿ ಅತ್ತೆ" ಎಂದೆ.

"ನನಗೇನೂ ಬೇಡ. ನಾನು ತಡ್ಕೋತೀನಿ."

"ಎಲ್ಲಿವರೆಗೆ?"

"ಮನೆ ಸೇರೋವರೆಗೆ."

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ.

ಮಾರನೆಯ ದಿನ ತಿಂಡಿ ಮುಗಿಸಿ ಹೊರಟೆವು. ಹೊರಡುವಾಗ ಬಿಸಿಲಿತ್ತು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮಂಜು ಇಳಿಯತೊಡಗಿತು. ಗೈಡು ಒಂದು ಕಡೆ ನಿಂತು, "ಇಲ್ಲಿಂದ ಮುಂದೆ ದಾರಿಯ ಎಡಗಡೆ ಜಾಸ್ತಿ ಹೋಗಬೇಡಿ. ಪ್ರಪಾತ ಇದೆ" ಎಂದ. ಹೇಳಿದ್ದು ಎಲ್ಲರಿಗೂ, ಆದರೆ ಅಷ್ಟು ಹೊತ್ತಿಗೆ ಅತ್ತೆ ಬಹಳ ಹಿಂದೆ ಬಿದ್ದಿದ್ದರು. ಪಾರ್ಕಿನಲ್ಲಿ ನನ್ನನ್ನೇ ಹಿಂದೆ ಹಾಕುವ ಹೆಂಗಸು ಅಲ್ಲಲ್ಲಿ ನಿಂತು ನಿಂತು ಬರುತ್ತಿದ್ದರು. ತುಟಿ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು. ನೀರು ಕುಡಿಯಿರಿ ಎಂದರೆ ಬಾಟಲಿ ಎತ್ತಿ ಬಾಯಿಗೆ ತಾಗಿಸಿ ಕೆಳಗಿಳಿಸಿದರು.

ಕೊನೆಗೆ ಒಂದು ತಿರುವಿನಲ್ಲಿ ನನ್ನ ತೋಳು ಹಿಡಿದು, "ಛತ್ರಿ ಕೊಡು" ಎಂದರು. ಧ್ವನಿ ನಡುಗುತ್ತಿತ್ತು. ನಾಚಿಕೆಯಿಂದ ಇರಬೇಕು ಅಂದುಕೊಂಡೆ.

"ನಾನೂ ಬರ್ತೀನಿ ಅತ್ತೆ."

"ನೀನ್ಯಾಕೆ? ಮೆರವಣಿಗೆ ಹೋಗ್ತಾ ಇದೀನಾ?"

ದಾರಿಯ ಬಲಗಡೆ ಬೋಳು ಹುಲ್ಲುಗಾವಲು, ಮರೆ ಎಂಬುದೇ ಇರಲಿಲ್ಲ. ಎಡಗಡೆ ಮಂಜಿನಲ್ಲಿ ಒಂದಷ್ಟು ಬಂಡೆಗಳು ಮಸುಕಾಗಿ ಕಾಣುತ್ತಿದ್ದವು. ಅತ್ತೆ ಬೆನ್ನಿನ ಚೀಲ ನನ್ನ ಕೈಗಿತ್ತು, ಛತ್ರಿ ಬಿಚ್ಚಿ ಎಡಗಡೆಯ ಹುಲ್ಲಿನಲ್ಲಿಟ್ಟು, ಒಮ್ಮೆಯೂ ತಿರುಗಿ ನೋಡದೆ ಆಚೆ ಹೋದರು.

ನಾವೆಲ್ಲ ಬೆನ್ನು ತಿರುಗಿಸಿ ಕೂತೆವು. ಗೈಡು ತನ್ನ ಪಾಡಿಗೆ ಮುಂದೆ ಹೋಗಿ, ಮಂಜು ನೋಡುವವನಂತೆ ನಿಂತ. ಯಾರೋ ಬಿಸ್ಕತ್ತು ಹಂಚಿದರು, ಯಾರೋ ಸೊಂಟ ನೋವಿನ ಮಾತು ತೆಗೆದರು. ಮಂಜು ದಟ್ಟವಾಯಿತು. ಬಿಸ್ಕತ್ತು ಮುಗಿಯಿತು, ಸೊಂಟದ ಮಾತು ಮಂಡಿಗೆ ಇಳಿಯಿತು. ಅತ್ತೆ ಬರಲಿಲ್ಲ. ನಾನು ಎದ್ದರೆ ಡ್ರಿಲ್ ಟೀಚರ್, "ಕೂತ್ಕೊಳ್ರೀ, ವಯಸ್ಸಾದವರಿಗೆ ಹೊತ್ತಾಗುತ್ತೆ. ಪಾಪ, ಅವಸರ ಮಾಡಬಾರದು" ಎಂದು ಕೂರಿಸಿದರು.

ಸುಮ್ಮನೆ ಕೂರಲಾಗದೆ ಅತ್ತೆಯ ಚೀಲ ತೊಡೆಯ ಮೇಲೆ ಎಳೆದುಕೊಂಡೆ. ನೀರಿನ ಬಾಟಲಿ ಭಾರವಾಗಿತ್ತು. ಮುಚ್ಚಳ ತೆಗೆದು ನೋಡಿದರೆ ಕಂಠದವರೆಗೆ ತುಂಬಿದೆ, ಬೆಳಿಗ್ಗೆ ನಾನು ತುಂಬಿಕೊಟ್ಟ ಹಾಗೆಯೇ. ಪಕ್ಕದ ಜೇಬಿನಲ್ಲಿ ಅವರ ಬಿ.ಪಿ. ಮಾತ್ರೆಯ ಪಟ್ಟಿ ಇತ್ತು. ಪದೇ ಪದೇ ಬಚ್ಚಲಿಗೆ ಓಡಿಸುವ ಮಾತ್ರೆ ಅದು, ನೀರಿನ ಮಾತ್ರೆ ಎಂದೇ ಕರೆಯುತ್ತಾರೆ. ಪ್ರವಾಸಕ್ಕೆಂದು ನಾನು ತಂದುಕೊಟ್ಟ ಹೊಸ ಪಟ್ಟಿ. ಒಂದೂ ಒಡೆದಿರಲಿಲ್ಲ.

ಮಾತ್ರೆ ಬಿಟ್ಟರೆ ಬಿ.ಪಿ. ಏರುತ್ತದೆ. ನೀರು ಬಿಟ್ಟರೆ ತಲೆ ಸುತ್ತುತ್ತದೆ. ಈ ಹೆಂಗಸು ಎರಡನ್ನೂ ಬಿಟ್ಟು, ಮನೆಯಿಂದ ಹೊರಟಾಗಿನಿಂದ ತಡೆದುಕೊಂಡು, ಬೆಟ್ಟ ಹತ್ತಿ, ಈಗ ಒಬ್ಬರೇ ಆ ಮಂಜಿನೊಳಗೆ ಹೋಗಿ ಕೂತಿದ್ದಾರೆ.

"ಅತ್ತೇ!" ಎಂದು ಕಿರುಚಿ ಎದ್ದೆ. ಡ್ರಿಲ್ ಟೀಚರ್ ಏನೋ ಅಂದರು, ನನಗೆ ಕೇಳಿಸಲಿಲ್ಲ. ಛತ್ರಿಯನ್ನು ದಾಟಿ ಓಡಿದೆ.

ಓಡಿದ್ದು ನಾಲ್ಕು ಹೆಜ್ಜೆ ಇರಬಹುದು. ತಿರುಗಿ ನೋಡಿದರೆ ಛತ್ರಿಯೂ ಇಲ್ಲ, ಹೆಂಗಸರೂ ಇಲ್ಲ, ಮುಂದೆ ಚಾಚಿದ ನನ್ನ ಕೈಬೆರಳೇ ಸರಿಯಾಗಿ ಕಾಣುತ್ತಿರಲಿಲ್ಲ. ನಿಂತೆ. "ಅತ್ತೇ, ಓ ಅನ್ನಿ! ಒಂದೇ ಒಂದು ಸಲ ಓ ಅನ್ನಿ!" ಉತ್ತರವಿಲ್ಲ. ಹಿಂದಿನಿಂದ ಗೈಡಿನ ಧ್ವನಿ ಕೇಳಿಸಿತು. "ಅಕ್ಕಾ, ನಿಂತಲ್ಲೇ ನಿಲ್ಲಿ! ಅಮ್ಮ ಯಾವ ಕಡೆ ಹೋದ್ರು? ಎಡಗಡೆನಾ?" ಹೌದು ಎಂದೆ. ಪ್ರಪಾತ ಎಂದು ಅವನು ಹೇಳಿದ್ದು ಈಗ ನೆನಪಾಯಿತು. ಆಮೇಲೆ ಅವನು "ಅಮ್ಮಾ! ಅಮ್ಮಾ!" ಎಂದು ಕೂಗುತ್ತಾ ದಾರಿಯ ಅಂಚಿನಲ್ಲಿ ಮೇಲಕ್ಕೆ ಹೋದ.

ನಾನು ಕೂತುಬಿಟ್ಟೆ. ನಿಂತು ನಡೆಯುವ ಧೈರ್ಯ ಬರಲಿಲ್ಲ. ಕೂತುಕೊಂಡೇ ಕೈಯಿಂದ ನೆಲ ತಡವುತ್ತಾ ತೆವಳಿದೆ. ಹುಲ್ಲು ಮುಗಿದು ಕಲ್ಲು ಸಿಕ್ಕಿತು. ಚಪ್ಪಟೆ ಹಾಸುಗಲ್ಲು, ಬಲಗಡೆಗೆ ಇಳಿಜಾರು. ಆ ಕಲ್ಲಿನ ಮೇಲೆ ಅಂಗೈ ಒದ್ದೆಯಾಯಿತು. ಮಂಜಿನ ಪಸೆಯಲ್ಲ, ಗೆರೆ ಹರಿದ ಒದ್ದೆ. ಮೂಗಿಗೆ ಹಿಡಿದೆ. ನನ್ನ ಕೌಂಟರಿನ ವಾಸನೆ. ಅದೂ ಮೈಯಲ್ಲಿ ನೀರಿಲ್ಲದವರ ಡಬ್ಬಿ ತೆರೆದಾಗ ಬರುವ ಆ ಗಾಢ ವಾಸನೆ. ಬೇರೆ ಯಾರಾದರೂ ಆಗಿದ್ದರೆ ಕೈ ಒರೆಸಿಕೊಳ್ಳುತ್ತಿದ್ದರು. ನನಗೆ ಅಳು ಬಂತು. ಅತ್ತೆ ಇಲ್ಲೇ ಎಲ್ಲೋ ಇದ್ದಾರೆ ಅಥವಾ ಈಗ ತಾನೇ ಇದ್ದರು.

ಒದ್ದೆ ಬಂದ ದಿಕ್ಕಿಗೆ ತೆವಳಿದೆ. ಅದು ಒಂದು ದೊಡ್ಡ ಬಂಡೆಯನ್ನು ಬಳಸಿಕೊಂಡು ಬಂದಿತ್ತು. ಬಂಡೆಯ ಮಗ್ಗುಲಿಗೆ ಕತ್ತು ಚಾಚಿ ನೋಡಿದೆ.

ಅತ್ತೆ ಕೂತಿದ್ದರು. ಕುಕ್ಕರಗಾಲಿನಲ್ಲಿ, ಬೆನ್ನನ್ನು ಬಂಡೆಗೆ ಒತ್ತಿ, ಟ್ರ್ಯಾಕ್ ಪ್ಯಾಂಟು ಮಂಡಿಯ ಹತ್ತಿರ ಮುದುಡಿಕೊಂಡು. ಎರಡು ಕೈಯಲ್ಲೂ ಕಲ್ಲಿನ ಸಂದಿಯ ಹುಲ್ಲು ಹಿಡಿದಿದ್ದರು. ಕಣ್ಣು ತೆರೆದೇ ಇದ್ದವು. ಅವರ ಬೂಟಿನ ಮುಂದೆ ಒಂದು ಗೇಣು ಕಲ್ಲಿತ್ತು. ಅದರ ಮುಂದೆ ಏನೂ ಇರಲಿಲ್ಲ.

"ಅತ್ತೆ, ಅಷ್ಟು ಕೂಗಿದ್ನಲ್ಲ! ಯಾಕೆ ಓ ಅನ್ಲಿಲ್ಲ?"

"ಮೆಲ್ಲಗೆ ಮಾತಾಡು" ಎಂದರು ಪಿಸುದನಿಯಲ್ಲಿ. "ಆ ಗೈಡಿಗೆ ಕೇಳಿಸುತ್ತೆ."

ಕೂರುವಾಗ ಮಂಜಿನಲ್ಲಿ ಏನೂ ಕಂಡಿರಲಿಲ್ಲವಂತೆ. ಕೂತ ಮೇಲೆ ಒಂದು ಕ್ಷಣ ಮಂಜು ಸರಿದು, ಕಾಲ ಬುಡದಲ್ಲೇ ಕೆಳಗೆ, ಬಹಳ ಕೆಳಗೆ, ಮರದ ತುದಿಗಳು ಕಂಡವಂತೆ. ಅಷ್ಟೇ, ಮಂಡಿ ಕಚ್ಚಿಕೊಂಡಿತು. ಎದ್ದೇಳಲು ನೋಡಿದರೆ ಕಾಲು ಮರಗಟ್ಟಿದೆ, ಬೂಟು ಜಾರುತ್ತದೆ, ತಲೆ ಗಿರ್ರನೆ ತಿರುಗುತ್ತದೆ. ಆಗಿನಿಂದ ಹೀಗೇ ಕೂತಿದ್ದಾರೆ. ನಮ್ಮ ಬಿಸ್ಕತ್ತಿನ ಮಾತು, ಸೊಂಟದ ಮಾತು, ನನ್ನ ಕೂಗು, ಗೈಡಿನ ಕೂಗು ಎಲ್ಲವನ್ನೂ ಕೇಳುತ್ತಾ ಕೂತಿದ್ದಾರೆ.

ನಾನು ಬಂಡೆಗೆ ಒರಗಿಕೊಂಡು ಅವರ ಪಕ್ಕಕ್ಕೆ ಜರುಗಿದೆ. ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಅತ್ತೆ ಕದಲಲಿಲ್ಲ, ನನ್ನ ಬೂಟೇ ಜಾರಿತು. ಒಂದು ಕಲ್ಲು ಕಿತ್ತು ಅಂಚಿನಾಚೆ ಹೋಯಿತು. ಅದು ಬಿದ್ದ ಸದ್ದು ಬರುತ್ತದೆ ಎಂದು ಕಾದೆ. ಬರಲೇ ಇಲ್ಲ. ಸಾಯುತ್ತೇವೆ ಎಂದು ಸ್ಪಷ್ಟವಾಗಿ ಅನ್ನಿಸಿತು. ಯಾವುದೋ ದಿನ ಎಲ್ಲರೂ ಸಾಯುತ್ತೇವಲ್ಲ, ಆ ಸಾವಲ್ಲ. ಈಗ, ಇಲ್ಲಿ, ಇಷ್ಟರೊಳಗೆ.

"ನನ್ನ ಕೈಲಿ ಆಗಲ್ಲ ಅತ್ತೆ. ಗೈಡನ್ನ ಕರೀತೀನಿ."

"ಬೇಡ."

"ಬೇರೆ ದಾರಿ ಇಲ್ಲ."

"ಅವನು ಬಂದ್ರೆ ನಾನು ಕೈ ಬಿಡ್ತೀನಿ."

ಅವರ ಮುಖ ನೋಡಿದೆ. ಮನೆಯಲ್ಲಿ ಸಿಟ್ಟು ಬಂದಾಗ ಊಟ ಬಿಡುತ್ತೇನೆ ಎನ್ನುವಾಗಿನ ಮುಖವಲ್ಲ. ನಿಜಕ್ಕೂ ಬಿಡುತ್ತಾರೆ.

"ನಿಮಗೇನು ತಲೆ ಕೆಟ್ಟಿದೆಯಾ? ಹೋಗೋದು ಜೀವ ಅತ್ತೆ!"

"ನಿನಗೆ ಗೊತ್ತಿಲ್ಲ" ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಒಂದು ಸಲ ಕೈ ಎತ್ತಿದ್ದೆ. ನಿನ್ನ ಗಂಡ ಹೊಟ್ಟೇಲಿದ್ದ. ತಡೀಲಿಕ್ಕೆ ಆಗ್ಲಿಲ್ಲ, ಎತ್ತಿದೆ. ಆ ಸೂಪರ್‌ವೈಸರ್ ನೋಡಿದ. ನೋಡಿ, ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಎತ್ತಿರು, ಲೈನ್ ಖಾಲಿ ಆಗ್ಲಿ ಅಂದ. ಎತ್ತಿಕೊಂಡೇ ಕೂತಿದ್ದೆ. ಒಂದು ಕೈಯಲ್ಲಿ ವೈರ್ ಚುಚ್ಚುತಾ, ಇನ್ನೊಂದು ಕೈ ಮೇಲೆ. ಕುರ್ಚಿಲೇ ಆಗೋಯ್ತು. ನೆಲಕ್ಕೆಲ್ಲಾ ಹರೀತು. ಯಾರೂ ತಿರುಗಿ ನೋಡ್ಲಿಲ್ಲ ಕಣೇ. ಎಲ್ಲರಿಗೂ ಗೊತ್ತಾಯ್ತು, ಯಾರೂ ತಿರುಗಲಿಲ್ಲ. ನನ್ನ ಮರ್ಯಾದೆ ಉಳಿಸ್ತಾ ಇದೀವಿ ಅಂದ್ಕೊಂಡ್ರು. ಸಾಲಿಗೆ ಸಾಲು ಬೆನ್ನು ಹಾಕಿ ಕೂತು, ಹಲೋ ಹಲೋ ಅಂತ ಇದ್ರು. ಅವನೊಬ್ಬ ಮಾತ್ರ ನೋಡ್ತಾ ನಗ್ತಾ ಇದ್ದ."

ಮದುವೆಯಾಗಿ ಬಂದಾಗಿನಿಂದ ಆ ಪದಕದ ಮಾತಿಗೆ ಹಿಂದಿನಿಂದ ಮೂತಿ ತಿರುವಿದವಳು ನಾನು. ಒಂದು ಕಡೆ ಆ ಸೂಪರ್‌ವೈಸರ್ ಸಿಕ್ಕರೆ ಸಿಗಿದು ಹಾಕಬೇಕೆನ್ನುವಷ್ಟು ಕೋಪ, ಇನ್ನೊಂದು ಕಡೆ ಬೂಟಿನ ಅಡಿಯಲ್ಲಿ ಕಲ್ಲು ಜರುಗುತ್ತಿರುವ ಭಯ. ಭಯವೇ ದೊಡ್ಡದಾಗಿತ್ತು.

ನನ್ನ ಜಾಕೆಟ್ ಬಿಚ್ಚಿದೆ. ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನು ಅವರ ತೊಡೆಯ ಮೇಲೆ ಹಾಸಿ, ತೋಳುಗಳನ್ನು ಹಿಂದೆ ತಂದು ಸೊಂಟಕ್ಕೆ ಗಂಟು ಹಾಕಿದೆ. ಹಲ್ಲಿನಿಂದ ಕಚ್ಚಿ ಬಿಗಿದೆ. "ನೋಡಿ, ಏನೂ ಕಾಣಲ್ಲ. ನಾನು ಎಲ್ಲೂ ಹೋಗಲ್ಲ, ಬೆನ್ನೂ ತಿರುಗಿಸಲ್ಲ. ಬೈಯೋದಿದ್ರೆ ಮೇಲೆ ಹೋದಮೇಲೆ ಬೈಯಿರಿ" ಎಂದೆ. ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಇದ್ದಬದ್ದ ಉಸಿರೆಲ್ಲ ಸೇರಿಸಿ, "ಇಲ್ಲಿದೀವಿ! ದೊಡ್ಡ ಬಂಡೆ ಹಿಂದೆ! ಹಗ್ಗ ತಗೊಂಡು ಬಾ!" ಎಂದು ಕೂಗಿದೆ.

ಅತ್ತೆ ಕೈ ಬಿಟ್ಟರು.

ಹೇಳಿದಂತೆಯೇ ಬಿಟ್ಟರು. ಎರಡೂ ಮುಷ್ಟಿ ಹುಲ್ಲಿನಿಂದ ಬಿಚ್ಚಿಕೊಂಡವು. ಆ ಗೇಣಗಲದ ಕಲ್ಲಿನ ಮೇಲೆ ಅವರು ಕೂತ ಭಂಗಿಯಲ್ಲೇ ಜಾರಿ, ಬೂಟಿನ ತುದಿ ಅಂಚಿನ ಆಚೆ ಹೋಯಿತು. ಗಂಟು ನನ್ನ ಕೈಯಲ್ಲಿತ್ತು. ನನ್ನ ಭುಜ ಕಿತ್ತು ಬಂದ ಹಾಗಾಯಿತು. ನಾನು ಅರಚುತ್ತಿದ್ದೆ, ಏನು ಅರಚುತ್ತಿದ್ದೆನೋ ಗೊತ್ತಿಲ್ಲ. ಅತ್ತೆ ಕೆಳಗೆ ನೋಡಿದರು. ಮಂಜು ಮತ್ತೆ ಸರಿದಿರಬೇಕು. ಅವರ ಬಾಯಿಂದ ಮಗುವಿನ ಹಾಗೆ ಒಂದು ಸದ್ದು ಬಂತು, ಮತ್ತು ಆ ಎರಡೂ ಕೈಗಳು ನನ್ನ ಮಣಿಕಟ್ಟನ್ನು ಹುಡುಕಿಕೊಂಡು ಬಂದು ಹಿಡಿದವು. ಉಗುರು ಚರ್ಮದೊಳಕ್ಕೆ ಇಳಿಯಿತು.

ಬಂಡೆಯ ಮೇಲಿನಿಂದ ಗೈಡಿನ ಧ್ವನಿ ಬಂತು. ಅವನು ಅಲ್ಲಿ ಬೋರಲು ಮಲಗಿ ಹಗ್ಗ ಇಳಿಬಿಟ್ಟಿದ್ದ. ಹಗ್ಗ ನಮ್ಮಿಂದ ಮಾರು ದೂರದಲ್ಲಿ, ಖಾಲಿ ಜಾಗದಲ್ಲಿ ತೂಗಾಡುತ್ತಿತ್ತು.

"ಈ ಕಡೆ! ಈ ಕಡೆ ಬಿಡಯ್ಯಾ!"

"ಯಾವ ಕಡೆ ಅಕ್ಕಾ? ನಾನು ಕಣ್ಣು ಮುಚ್ಕೊಂಡಿದೀನಿ. ಅಮ್ಮಾ, ನಾನು ನೋಡ್ತಾ ಇಲ್ಲ, ಹೆದರಬೇಡಿ."

ತಲೆ ಎತ್ತಿ ನೋಡಿದೆ. ನಿಜವಾಗಿಯೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ ಪುಣ್ಯಾತ್ಮ. ಮುಖ ಕಿವುಚಿಕೊಂಡು, ಕುರುಡನ ಹಾಗೆ ಹಗ್ಗ ಆಡಿಸುತ್ತಿದ್ದ. ನಗು ಬರಬೇಕಾದ ದೃಶ್ಯ. ನನಗೆ ಎದೆ ಒಡೆದುಹೋಗುವಷ್ಟು ಹೆದರಿಕೆಯಾಯಿತು. ನನ್ನ ಮುಷ್ಟಿಯಲ್ಲಿದ್ದ ಗಂಟು ಸಡಿಲವಾಗುತ್ತಿತ್ತು. ನೈಲಾನ್ ಬಟ್ಟೆ, ಮಂಜಿಗೆ ಒದ್ದೆಯಾಗಿ ಜಾರುತ್ತಿತ್ತು. ಕಣ್ಣು ಬಿಡು ಎಂದು ಕೂಗೋಣವೆಂದರೆ ಅತ್ತೆ ಮತ್ತೆ ಕೈ ಬಿಟ್ಟಾರು ಎಂದು ನಾಲಗೆ ಏಳಲಿಲ್ಲ. ನಾನು ಅತ್ತೆಯ ಮುಖವನ್ನೇ ನೋಡಿದೆ.

"ಕಣ್ಣು ಬಿಡಪ್ಪಾ" ಎಂದರು ಅತ್ತೆ.

ಮೇಲಿನವನಿಗೆ ಕೇಳಿಸಲಿಲ್ಲ. ಅತ್ತೆ ಕತ್ತು ಹಿಂದಕ್ಕೆ ಎತ್ತಿದರು. ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ, ದಾರಿಯ ಮೇಲಿದ್ದ ಹೆಂಗಸರಿಗೆಲ್ಲ ಕೇಳಿಸುವ ಹಾಗೆ ಕೂಗಿದರು. "ಕಣ್ಣು ಬಿಡೋ! ನನ್ನನ್ನ ನೋಡು! ನೋಡಿಕೊಂಡು ಎಳಿ!"

ಅವನು ಕಣ್ಣು ಬಿಟ್ಟ. ಹಗ್ಗ ನೇರವಾಗಿ ಅತ್ತೆಯ ಎದೆಯ ಮುಂದೆ ಬಂದು ನಿಂತಿತು. ಅವರ ಕಂಕುಳಡಿ ಅದನ್ನು ಹಾಯಿಸಿ ಗಂಟು ಹಾಕಿದೆ. ಡ್ರಿಲ್ ಟೀಚರ್ ಮತ್ತು ಇನ್ನಿಬ್ಬರು ಬಂದು ಮೇಲಿನಿಂದ ಹಗ್ಗಕ್ಕೆ ಕೈ ಹಾಕಿದ್ದು ಆಮೇಲೆ ಗೊತ್ತಾಯಿತು. ಅತ್ತೆಯ ಬೆನ್ನು ಬಂಡೆಗೆ ಉಜ್ಜಿಕೊಂಡು, ಬೂಟು ಗಾಳಿ ಒದೆಯುತ್ತಾ, ಅವರು ಮೇಲೇರಿದರು. ಜಾಕೆಟ್ ಅರ್ಧದಲ್ಲೇ ಕಳಚಿ ಬಿತ್ತು. ಯಾರೂ ಮುಖ ತಿರುಗಿಸಲಿಲ್ಲ. ಮುಖ ತಿರುಗಿಸಿದರೆ ಹಗ್ಗ ಜಾರುತ್ತಿತ್ತು.

ನಾನು ಬಂದ ದಾರಿಯಲ್ಲೇ ತೆವಳಿ ವಾಪಸ್ಸು ಬಂದೆ. ಹುಲ್ಲು ಸಿಕ್ಕಿದ ಕೂಡಲೇ ಮುಖ ಅಡಿ ಮಾಡಿ ಮಲಗಿಬಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಪ್ಯಾಂಟೂ ಒದ್ದೆಯಾಗಿತ್ತು, ಯಾವಾಗ ಆಯಿತೋ ನನಗೆ ತಿಳಿಯದು.

ಬೆಟ್ಟ ಇಳಿಯುವಾಗ ಅತ್ತೆಯನ್ನು ಗೈಡು ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡಿದ್ದೆವು. ಅವರು ಅವನ ಮುಖ ನೋಡಲಿಲ್ಲ, ಅವನ ತೋಳನ್ನು ಮಾತ್ರ ಬಿಡಲಿಲ್ಲ. ಡೇರೆ ತಲುಪಿದ ಮೇಲೆ ನಾನು ಮಾತ್ರೆ ಕೊಟ್ಟು, ಲೋಟದಲ್ಲಿ ನೀರು ಹಿಡಿದೆ. ಅತ್ತೆ ಲೋಟ ಸರಿಸಿ ಬಾಟಲಿಯನ್ನೇ ತೆಗೆದುಕೊಂಡರು. ಎತ್ತಿ ಗಟಗಟ ಕುಡಿದರು. ಗಲ್ಲದ ಮೇಲೆಲ್ಲ ಹರಿಯಿತು. ಮುಗಿದ ಬಾಟಲಿ ನನ್ನ ಕೈಗಿತ್ತು, ಇನ್ನೊಂದು ತಾ ಎಂದು ಸನ್ನೆ ಮಾಡಿದರು. ಗಂಡನ ಫೋನು ಬಂತು. "ಹೇಗಿದಾಳೆ ನಮ್ಮಮ್ಮ, ಹೀರೋಯಿನ್ನು?" ಎಂದು ನಗುತ್ತಾ ಕೇಳಿದ. "ಇದಾರೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅತ್ತುಬಿಡುತ್ತಿದ್ದೆ.

ಹೊತ್ತು ಮುಳುಗುವ ಹೊತ್ತಿಗೆ ಅತ್ತೆ ನನ್ನ ಭುಜ ಮುಟ್ಟಿದರು. "ನಡಿ. ಹೋಗ್ಬೇಕು."

ಎದ್ದೆ. ಡೇರೆಗಳ ಹಿಂದೆ, ಸಮತಟ್ಟಾದ ಜಾಗದಲ್ಲಿ, ಕೈ ಹಿಡಿದು ಕೂರಿಸಿದೆ. ಕೂರುವಾಗ ಅವರ ಮಂಡಿ ಲಟಕ್ಕೆಂದಿತು, ಇಬ್ಬರೂ ಬೆಚ್ಚಿಬಿದ್ದೆವು. ಅಭ್ಯಾಸಬಲದಿಂದ ನಾನು ಎರಡು ಹೆಜ್ಜೆ ಸರಿದು ಬೇರೆ ಕಡೆ ತಿರುಗಲು ಹೋದೆ.

"ಎಲ್ಲಿಗೆ ಹೋಗ್ತೀಯಾ? ಇಲ್ಲೇ ನಿಂತ್ಕೋ. ಏನಾದ್ರೂ ಮಾತಾಡ್ತಾ ಇರು."

"ಏನು ಮಾತಾಡ್ಲಿ ಅತ್ತೆ?"

"ಏನಾದ್ರೂ."

ಬಾಯಿಗೆ ಬಂದದ್ದು ಹೇಳತೊಡಗಿದೆ. ಲ್ಯಾಬಿಗೆ ಬಂದ ಒಬ್ಬ ಪೊಲೀಸು, ಡಬ್ಬಿ ಕೊಟ್ಟರೆ ನಾಚಿಕೊಂಡು ಟೋಪಿಯೊಳಗೆ ಅಡಗಿಸಿಕೊಂಡು ಹೋದದ್ದು. ಮರೆತು ಅದೇ ಟೋಪಿ ಹಾಕಿಕೊಂಡದ್ದು. ಪಕ್ಕದ ಮನೆಯ ನಾಯಿ. ಗ್ಯಾಸ್ ಒಲೆಯ ಬರ್ನರ್ ಕಟ್ಟಿಕೊಂಡಿರುವುದು. ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸುತ್ತಿತ್ತು. ಮಾತಿನ ನಡುವೆ ಕಲ್ಲು ಅಂಚಿನಾಚೆ ಹೋದದ್ದು ನೆನಪಾಗಿ ಮಾತು ಅಲ್ಲೇ ನಿಂತಿತು.

"ಯಾಕೆ ಸುಮ್ಮನಾದೆ?" ಕತ್ತಲು ಕವಿಯುತ್ತಿದ್ದ ನೆಲದಿಂದ ಅತ್ತೆಯ ಧ್ವನಿ ಬಂತು. ಅವರ ಕೈ ನನ್ನ ಪ್ಯಾಂಟಿನ ಅಂಚನ್ನು ಹಿಡಿದುಕೊಂಡಿತ್ತು. "ಸುಮ್ಮನಾಗಬೇಡ ಕಣೇ. ನನಗೆ ಭಯ ಆಗುತ್ತೆ."

ಇಷ್ಟು ವರ್ಷದಲ್ಲಿ ಅವರು ನನ್ನೆದುರು ಆ ಮಾತು ಆಡಿದ್ದು ಅದೇ ಮೊದಲು. "ನನಗೂ ಆಗುತ್ತೆ ಅತ್ತೆ" ಎಂದೆ. ಆಮೇಲೆ ಆ ಪೊಲೀಸಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದೆ.